ಹಳದಿ ಕಾಲು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ
ಪುತ್ತುಮೋನು ಕಾಕನ ಕೋಳಿ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಕಾಲು ಸುಲಿಯುವವನು ನಾನು.
ಬಿಸಿನೀರಿಗೆ ಅದ್ದಿ ಹದಿನೈದು ಎಣಿಸಬೇಕು.
ದಾಟಿದರೆ ಬೇಯುತ್ತದೆ,
ಹತ್ತಕ್ಕೇ ಎತ್ತಿದರೆ ತೊಗಲು ಹಟ ಹಿಡಿಯುತ್ತದೆ.
ಹದ ಸರಿಬಿದ್ದರೆ, ಮಗುವಿನ ಕಾಲುಚೀಲದ ಹಾಗೆ
ಒಂದೇ ಎಳೆತಕ್ಕೆ ಬರುತ್ತದೆ ಹಳದಿ.
ಒಳಗೆ ಬಿಳಿ.

ಹೋದ ಸೋಮವಾರ ಹಾಸನದ ವೆಟರ್ನರಿ ಕಾಲೇಜಿಂದ
ಒಬ್ಬಳು ಹುಡುಗಿ, ಹೆಸರು ತೇಜಾವತಿ,
ಚೀಲದ ತುಂಬ ಸಣ್ಣ ಡಬ್ಬಿಗಳು.
ಮಾಂಸ ಬೇಡ, ಕಾಲಿನ ತೊಗಲು ಚೂರು ಸಾಕು ಅಂದಳು.
"ಬಿಸಾಡೋದಕ್ಕೂ ಗಿರಾಕಿ ಬಂತಲ್ಲ ಮಾರಾಯ,"
ಕಾಕ ನಕ್ಕರು, ದುಡ್ಡು ತಗೊಳ್ಳಲಿಲ್ಲ.

ಕ್ರೇಟಿನ ಮೇಲೆ ಕೂತು ಹೇಳಿದಳು:
ಕೋಳಿಯ ಹಿರಿಯಜ್ಜ ಕೆಂಪು ಕಾಡುಕೋಳಿ,
ಅದರ ಊರು ಇದಲ್ಲ, ಎಲ್ಲೋ ಪೂರ್ವದ ಬಿದಿರುಕಾಡು.
ಅದರ ಕಾಲು ಸೀಸದ ಬಣ್ಣ.
ಈ ಹಳದಿ ಇದೆಯಲ್ಲ, ಇದು ಕಡ ತಂದದ್ದು.
ಕೊಟ್ಟದ್ದು ನಿಮ್ಮ ತೋಟದಂಚಿನ ಬೂದು ಕಾಡುಕೋಳಿ.
ಸಾಕಿದ ಹೇಂಟೆಯೊಂದು ಯಾವತ್ತೋ ಬೇಲಿ ದಾಟಿರಬೇಕು,
ಇಲ್ಲಾ ಆ ಹುಂಜವೇ ಹಿತ್ತಿಲಿಗೆ ಇಳಿದಿರಬೇಕು.
ನೋಡಿದವರಿಲ್ಲ.
ನಾವು ಹೆಸರೂ ಕೇಳದ ಊರುಗಳಲ್ಲಿ ಈಗ
ಕೋಳಿ ಈ ಕಾಲ ಮೇಲೆ ನಿಂತಿದೆ.

ನನಗೆ ಅವ್ವನ ಮಂಕರಿ ನೆನಪಾಯಿತು.
ಗೋಣಿಬೀಡಿನ ತೋಟದಲ್ಲಿ ಕಳೆ ಕೀಳುವಾಗ
ಲಂಟಾನದ ಬುಡದಲ್ಲಿ ನಾಲ್ಕು ಮೊಟ್ಟೆ ಸಿಕ್ಕಿದ್ದವು.
ಸೆರಗಲ್ಲಿ ಕಟ್ಟಿ ತಂದು
ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿ ತೂರಿಸಿದಳು.
ಹೇಂಟೆ ಭೇದ ಮಾಡಲಿಲ್ಲ.
ಮರಿಗಳು ಮಾಡಿದವು.
ಅದು ಲೊಚಗುಟ್ಟಿದರೆ ಇದರ ಮಕ್ಕಳು ರೆಕ್ಕೆಯೊಳಗೆ,
ಅವು ಒಲೆಯ ಸಂದಿಗೆ, ಸೌದೆಯಡಿಗೆ, ಆಚೆಗೆ.
ಮೂರನೆಯ ಸಂಜೆ ಮಂಕರಿ ಮುಚ್ಚುವಾಗ
ನಾಲ್ಕರಲ್ಲಿ ಒಂದಿತ್ತು.
"ಓಡದ್ದು ಉಳೀತು," ಅಂದಳು, ನುಚ್ಚು ಚೆಲ್ಲುತ್ತ.
ಧೈರ್ಯವೋ ಪೆದ್ದೋ,
ಅವತ್ತು ಬರೀ ಚಳಿಯಿತ್ತೋ ಏನೋ.

ದೊಡ್ಡದಾಯಿತು. ಕತ್ತಿನ ಗರಿಗೆ ಮೇಣದ ಚುಕ್ಕಿ ಬಂತು.
ಕೈಗೆ ಸಿಗುತ್ತಿರಲಿಲ್ಲ, ಬಿಟ್ಟೂ ಹೋಗುತ್ತಿರಲಿಲ್ಲ.
ಮಾರ್ಲಾಮಿಯ ಹಿಂದಿನ ದಿನ ಅಪ್ಪ ಅದನ್ನೇ ನೋಡಿದಾಗ
"ಅದು ಬ್ಯಾಡ, ಬೇರೇದು ಹಿಡೀರಿ."
"ಯಾಕೆ?"
ಅವ್ವ ಉತ್ತರ ಕೊಡದೆ ಕೊಡ ಎತ್ತಿಕೊಂಡು ನೀರಿಗೆ ಹೋದಳು.
ಮರುವರ್ಷದ ಹೊತ್ತಿಗೆ
ಬಾ ಬಾ ಅಂದರೆ ಅಂಗೈಯಿಂದಲೇ ತಿನ್ನುತ್ತಿತ್ತು.
ಕರೆದವಳು ಅವ್ವನೇ.
ಸಾರು ಚೆನ್ನಾಗಿತ್ತು. ಅದನ್ನೂ ಹೇಳಬೇಕು.

ಇದನ್ನೆಲ್ಲ ನಾನು ಹುಡುಗಿಗೆ ಹೇಳಲಿಲ್ಲ.
ಅವಳು ಡಬ್ಬಿ ಮುಚ್ಚುತ್ತ ತನಗೇ ಅಂದುಕೊಂಡಳು:
"ಹಳದಿ ಬಂದದ್ದು ಗೊತ್ತು, ಅಣ್ಣಾ. ಉಳಿದದ್ದು ಯಾಕೆ?
ಅದರಿಂದ ಮೊಟ್ಟೆ ಹೆಚ್ಚಾಯಿತಾ, ರೋಗ ಕಮ್ಮಿಯಾಯಿತಾ,
ಖಾತ್ರಿಯಾಗಿ ಹೇಳೋರಿಲ್ಲ."
ನಾಲ್ಕರ ಬಸ್ಸಿಗೆ ಹೋದಳು.

ಶನಿವಾರ ಬಿಳಗುಳದ ಗಿಡ್ಡಮ್ಮಜ್ಜಿ,
ಮಂಡಿನೋವಿಗೆ ಕಾಲು ಸೂಪು.
ಎರಡು ಗುಡ್ಡೆ ಇಟ್ಟಿದ್ದೆ, ಒಂದೇ ರೇಟು.
ಬೆರಳಿಂದ ಒಂದನ್ನು ಅತ್ತ ತಳ್ಳಿದಳು.
"ಕರೀದು ಬ್ಯಾಡ ಕಣಪ್ಪ, ಹಳದೀದು ಹಾಕು."
"ಸುಲಿದ ಮೇಲೆ ಎರಡೂ ಬಿಳೀನೇ, ಅಜ್ಜಿ."
"ಇರ್ಲಿ ಬಿಡು. ನೋಡಕ್ಕೆ ಲಕ್ಷಣ."

ನೀರಿಗೆ ಅದ್ದಿದೆ. ಎಣಿಸುತ್ತ ಎಣಿಸುತ್ತ
ಎಲ್ಲಿ ಹೋದೆನೋ, ಇಪ್ಪತ್ತು ದಾಟಿತ್ತು.
ಕಾಕ ಬೈದರು.
ಅಜ್ಜಿಗೆ ಬೇರೆ ಕಾಲು ಹಾಕಿಕೊಟ್ಟೆ,
ಹಳದೀದೇ.