ಜಲ್ಲಿ ಹಾದಿ

ಫೋನಿನ ನಕ್ಷೆಯ ನೀಲಿ ಗೆರೆ
ನೆಟ್ಟಗೆ ಹೊಳೆಗೇ ಇಳಿದಿತ್ತು.
ನಾಪೋಕ್ಲಿನಾಚೆ ಡಾಂಬರು ಮುಗಿದಲ್ಲಿ
ಸೈಕಲ್ ನಿಲ್ಲಿಸಿ ಕೇಳಿದೆವು.
ಮೆಣಸು ಕೊಯ್ಯುವ ಏಣಿ ಹೊತ್ತಿದ್ದ ಚಾತ
ಏಣಿ ಇಳಿಸದೆಯೇ ಅಂದ:
‘ಎಡಕ್ಕೆ ಹತ್ತಿ. ಬೇಲಿಗೆ ಕರೆಂಟಿದೆ, ಮುಟ್ಟಬೇಡಿ.
ಲದ್ದಿ ಬೆಚ್ಚಗಿದ್ದರೆ ವಾಪಸ್ಸು ಬನ್ನಿ.’

ತಣ್ಣಗಿತ್ತು.
ಬೆರಳಿಟ್ಟು ನೋಡಿದವಳು ದೇಚು;
ನಾನು ಬ್ರೇಕು ಹಿಡಿದೇ ಇದ್ದೆ.

ಏರಿನುದ್ದಕ್ಕೂ ಚಕ್ರದಡಿ ಜಲ್ಲಿ
ಹಲ್ಲು ಕಡಿಯಿತು, ಜಾರಿತು, ಮತ್ತೆ ಕಡಿಯಿತು.
ಕಾಫಿ ಹೂವಿನ ಗಮಕ್ಕೂ
ಉಸಿರಲ್ಲಿ ಜಾಗವಿರಲಿಲ್ಲ.
ಕೊನೆಯ ತಿರುವಿನಲ್ಲಿ ಇಳಿದು ತಳ್ಳಿದೆವು,
ಹಟ ಹಿಡಿದ ಕರುವನ್ನು ತಳ್ಳುವ ಹಾಗೆ.

ನೆತ್ತಿಯಲ್ಲಿ ಕೂತು ಟೈರಿನ ಸಂದಿಯಿಂದ
ಒಂದು ಕಲ್ಲು ಕಿತ್ತೆ.
ನುಣ್ಣಗೆ, ಗುಬ್ಬಿಮೊಟ್ಟೆಯಷ್ಟು.
ಇದು ಗುಡ್ಡದ ಕಲ್ಲಲ್ಲ.
ಯಾವುದೋ ಬೇಸಿಗೆಯಲ್ಲಿ ಲಾರಿಯೊಂದು
ಕಾವೇರಿಯ ತಳವನ್ನು ಹೊತ್ತು ತಂದು
ಇಲ್ಲಿ ಸುರಿದಿರಬೇಕು.
ಅಂದರೆ, ಇಷ್ಟು ಹೊತ್ತೂ
ನಾವು ಹತ್ತಿದ್ದು ಹೊಳೆಯನ್ನೇ.
ನೀಲಿ ಗೆರೆ ಪೂರ್ತಿ ಸುಳ್ಳಲ್ಲ.

ದೇಚು ಕಲ್ಲನ್ನು ಒರೆಸಿ ಜೇಬಿಗೆ ಹಾಕಿದಳು:
‘ಹೇಗೂ ಇಳಿಯುತ್ತೇವಲ್ಲ,
ಇದನ್ನೂ ಮನೆಗೆ ಬಿಟ್ಟು ಹೋಗೋಣ.’