ಹಿಡಿ ಸವೆದ ಕಡೆ

ಅಂಗಡಿಯವ ಪೆಟ್ಟಿಗೆ ಬಿಚ್ಚಲಿಲ್ಲ, ಪೆಟ್ಟಿಗೆಯೇ ಇರಲಿಲ್ಲ.
ಬಬಲ್ ಹಾಳೆಯ ಮೂರು ಸುತ್ತು ತೆಗೆದು
ಗಾಜಿನ ಮೇಲಿಟ್ಟ.
ಟಕ್ ಅನ್ನಲಿಲ್ಲ, ಧಪ್ ಅಂದಿತು.
ಆ ಸದ್ದಿಗೇ ನಾನು ಅರ್ಧ ಸೋತೆ.

"ರಿಫರ್ಬಿಶ್ಡ್, ಮೇಡಂ. ಗ್ರೇಡ್ ಬಿ.
ಒಳಗೆಲ್ಲ ರಿಪೇರಿ ಆಗಿದೆ, ಹೊರಗೆ ಸ್ವಲ್ಪ ಬದುಕಿದೆ.
ಮೈ ಲೋಹದ್ದು, ಸಂದುಸಂದಿಗೂ ರಬ್ಬರು.
ಮಳೆಯಲ್ಲಿ ನಿಂತರೂ ಏನೂ ಆಗಲ್ಲ" ಅಂದ,
ಅಜ್ಮಾನಿನಲ್ಲಿ, ಆಗಸ್ಟಿನಲ್ಲಿ.
ನಾನು ಬಾಗಿಲಾಚೆ ನೋಡಿದೆ. ಅವನೂ ನೋಡಿದ.
ಇಬ್ಬರಿಗೂ ನಗು ಬಂತು.
ಇನ್ನೂರು ದಿರ್ಹಮ್ ಇಳಿಸಿದ.

ಹಳೆಯದು, ಪಾಪ, ಹಗುರ.
ಟೈರಿನಂಗಡಿಯಲ್ಲಿ ಬಿಲ್ಲು ಬರೆದು ಬರೆದು
ಮೊದಲ ಬೋನಸ್ಸಿಗೆ ಕೊಂಡದ್ದು.
ಹಸಿರು ಚೌಕಕ್ಕೆ ತಿರುಗಿಸಿ ಒತ್ತಿದರೆ ಸಾಕು,
ಮಿಕ್ಕದ್ದನ್ನು ತಾನೇ ಯೋಚಿಸುತ್ತಿತ್ತು,
ತುಸು ನಿಧಾನವಾಗಿ.
ಜೂಮು ತಿರುಗಿಸಿದರೆ ಈಚೀಚೆಗೆ
ಬೀಸುಗಲ್ಲಿಗೆ ರಾಗಿ ಹಾಕಿದ ಸದ್ದು.

ಶುಕ್ರವಾರ ಹೋಗಿ ಭಾನುವಾರವಾದ ರಜೆಯ ಬೆಳಗು,
ಗೋದಾಮುಗಳ ಹಿಂದಿನ ಮರಳು ಬಯಲು,
ಟೇಪು ಸುತ್ತಿದ ಟೆನಿಸ್ ಚೆಂಡು,
ಸ್ಟಂಪು ಅಂದರೆ ಪೇಂಟಿನ ಡಬ್ಬಿಯಲ್ಲಿ ನೆಟ್ಟ ಮೂರು ಕೊಳವೆ.
ವಾರವಿಡೀ ಕೆಟ್ಟ ಕಾರು ಎಳೆಯುವ ಗುಲ್‌ಜಮೀನ್
ಅವತ್ತು ಇಪ್ಪತ್ತು ಹೆಜ್ಜೆ ಧೂಳೆಬ್ಬಿಸಿ ಬರುತ್ತಾನೆ.
ಹಳೆಯದು ಅವನ ಓಟ ಹಿಡಿಯಿತು, ನೆಗೆತ ಹಿಡಿಯಿತು,
ಡಬ್ಬಿ ಉರುಳುವ ಹೊತ್ತಿಗೆ
ಕೆಂಪು ದೀಪ ಮಿಣುಕಿಸುತ್ತ ಬಾಯಿಪಾಠ ಮಾಡುತ್ತಿತ್ತು
ಆಗಷ್ಟೇ ಕಂಡದ್ದನ್ನು.
ಸೆಮಿಫೈನಲ್ಲಿನ ಫೋಟೋದಲ್ಲಿ ಇರುವುದು
ಬಿದ್ದ ಡಬ್ಬಿ, ಕುಣಿಯುವ ಬೆನ್ನುಗಳು.
"ಫೋಟೋ ಬಾಜಿ, ನಾನೆಲ್ಲಿ?"

ಹೊಸದನ್ನು, ಅಂದರೆ ಈ ಇನ್ನೊಂದು ಹಳೆಯದನ್ನು,
ಕೋಣೆಗೆ ತಂದು ಮೆನುವಿನೊಳಗೆ ಇಳಿದೆ.
ಅರವತ್ತೊಂದು ಸಾವಿರದ ಮುನ್ನೂರ ನಲವತ್ತು ಸಲ
ಯಾರದೋ ಎದುರು ರೆಪ್ಪೆ ಬಡಿದಿದೆ.
ಮದುವೆಗಳೋ, ಒಂಟೆ ಓಟವೋ,
ವಿಮೆಯವರಿಗೆಂದು ತೆಗೆದ ನಜ್ಜುಗುಜ್ಜು ಕಾರುಗಳೋ.
ಗಡಿಯಾರ ಮೂರು ಗಂಟೆ ಹಿಂದಿತ್ತು.
ಸರಿಮಾಡಿದೆ.
ಯಾವುದೋ ಊರಲ್ಲಿ ಯಾರನ್ನೋ
ನಿದ್ದೆಯಿಂದ ಎಬ್ಬಿಸಿದ ಹಾಗಾಯಿತು.

ಮೊದಲ ಭಾನುವಾರ.
ಎಸಿಯಿಂದ ಹೊರಬಿದ್ದದ್ದೇ ಗಾಜಿಗೆಲ್ಲ ಬೆವರು.
ಎಂಥ ಗಟ್ಟಿ ಮೈಯಾದರೂ ಇದೊಂದಕ್ಕೆ ಮದ್ದಿಲ್ಲ, ಕಾಯಬೇಕು.
ಕಾದೆ. ಅಷ್ಟರಲ್ಲಿ ಭೋಜ ಖಾರ್ವಿ ಔಟಾದ.
ನನಗೆ ಕಂಡದ್ದು ಬರೀ ಬಿಳಿ ಮಬ್ಬು,
ಅದರೊಳಗಿಂದ ಗಂಗೊಳ್ಳಿಯ ಬೈಗುಳ.

ಆಮೇಲೆ ಗುಲ್‌ಜಮೀನ್ ಬಂದ.
ಓಟ, ನೆಗೆತ, ಮಣಿಕಟ್ಟು,
ವಾಲಿದ ಡಬ್ಬಿ, ಇನ್ನೂ ವಾಲಿದ ಡಬ್ಬಿ,
ಕೊಳವೆಗಳ ನಡುವೆ ಹಾರಿದ ಮರಳಿನ ಒಂದೊಂದು ಕಣ.
ಅವನು ಬಗ್ಗಿ ಎಲ್ಲವನ್ನೂ ನೋಡಿದ,
"ಇಷ್ಟೊಂದು ಯಾಕೆ ಬಾಜಿ?
ಗಡ್ಡ ಚೆನ್ನಾಗಿ ಬಂದದ್ದೊಂದು ಕಳಿಸು" ಅಂದ.

ಹಗುರದ್ದನ್ನು ಶಹಾಬಾದಿನ ರುಕ್ಮುದ್ದೀನನಿಗೆ ಕೊಟ್ಟೆ,
ಸ್ಕೋರು ಬರೆದು ನೀರು ಹಂಚುವ ಹುಡುಗ.
ಪುಕ್ಕಟೆ ಬೇಡ ಅಂದ.
ತಿಂಗಳಿಗೆ ಮೂವತ್ತು ಕೊಡುತ್ತಾನೆ,
ಸ್ಕೋರು ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಟ್ಟು.

ಕಳೆದ ವಾರ ಅವನು ತೋರಿಸಿದ ಚಿತ್ರ:
ಮುಕ್ಕಾಲು ಮರಳು, ಬಯಲು ಒಂದು ಕಡೆಗೆ ಜಾರಿದೆ,
ಅಂಚಿನಲ್ಲಿ ಹಿಂದಿನಿಂದ ಕಂಡ ಒಬ್ಬ ಹೆಂಗಸು
ಕರಿಯ ಭಾರಕ್ಕೆ ಮುಖ ಒತ್ತಿ ನಿಂತಿದ್ದಾಳೆ.
ಏಳು ವರ್ಷಕ್ಕೆ ಈ ಬಯಲಿನಲ್ಲಿ
ನಾನಿರುವ ಫೋಟೋ ಇದೊಂದೇ.
ಹಿಗ್ಗಿಸಿ ನೋಡಿದೆ. ನಡುಗಿದೆ, ಚುಕ್ಕೆಚುಕ್ಕೆ.
ಆದರೂ ಹೆಬ್ಬೆರಳು ಕಾಣುತ್ತದೆ,
ಯಾರದೋ ಬೆರಳು ಒತ್ತಿ ಒತ್ತಿ
ಬೆಳ್ಳಗಾಗಿಸಿದ ಜಾಗದಿಂದ
ಅಕ್ಕಿಕಾಳಿನಷ್ಟು ಈಚೆ.