ಮೂರನೇ ಕರಡು

ಅಪ್ಪಾ ಬಳವಂತ ಚೌಕದ ಹಿಂದೆ
ಮಸಿ ವಾಸನೆಯ ಓಣಿಯಲ್ಲಿ
ಆಷಾಢಕ್ಕೇ ನಮಗೆ ಬರುವ ವರ್ಷ ಶುರು.
ಪುಣೆಗೆಲ್ಲ ಇನ್ನೂ ಜುಲೈ;
ನನ್ನ ಮೇಜಿನ ಮೇಲೆ ಆಗಲೇ
ಮುಂದಿನ ಸಂಕ್ರಾಂತಿ ಹಸಿಹಸಿ ಒಣಗುತ್ತಿರುತ್ತದೆ.

ಇಪ್ಪತ್ತೇಳು ವರ್ಷದಿಂದ
ಕನ್ನಡ ಗೋಡೆ ಪಂಚಾಂಗದ ತಪ್ಪು ತಿದ್ದುತ್ತಿದ್ದೇನೆ.
ಅಮಾವಾಸ್ಯೆಯ ಕರಿ ಚೆಂಡು ಒಂದು ಮನೆ ಸರಿದಿದ್ದರೆ
ಕಿವಿ ಹಿಡಿದು ಹಿಂದಕ್ಕೆ ತರುತ್ತೇನೆ.
ಯಾರಯಾರದೋ ಮದುವೆ, ಮುಂಜಿ, ಬಾವಿ ತೋಡುವ ದಿನ
ಎಲ್ಲ ನನ್ನ ಕೆಂಪು ಪೆನ್ನಿನ ಅಡಿ ನುಸುಳಿಯೇ ಹೋಗಿವೆ.
ನಮ್ಮಿಬ್ಬರದೊಂದು ದಿನ ಮಾತ್ರ
ಇನ್ನೂ ಸಿಕ್ಕಿಲ್ಲ.

"ತುಂಗನಾಥಕ್ಕ ಯಾವಾಗ?"
ಮಂದಾಕಿನಿ ಕೇಳುತ್ತಾಳೆ, ರೊಟ್ಟಿ ಬಡಿಯುತ್ತ.
ಹನ್ನೆರಡು ಸಾವಿರ ಅಡಿ ಮೇಲೆ ಕಲ್ಲಿನ ಗುಡಿ.
ಅಲ್ಲೆಲ್ಲೋ ಕೆಳಗೆ, ಕಣಿವೆಯ ಬುಡದಲ್ಲಿ,
ಅವಳ ಹೆಸರಿನ ಹೊಳೆ ಹರಿಯುತ್ತದಂತೆ.
ಒಮ್ಮೆ ಮೇಲಿಂದ ಬಗ್ಗಿ ನೋಡಬೇಕು, ಅಷ್ಟೇ ಅವಳ ಹರಕೆ.

ವೈಶಾಖದಲ್ಲಿ ಬಾಗಿಲು ತೆರೆಯುತ್ತಾರೆ. ನಮ್ಮ ಪ್ರೆಸ್ಸಿಗೂ ಬಿಡುವು.
ಆದರೆ ಆಗ ಇಡೀ ದೇಶಕ್ಕೇ ಬಿಡುವು.
ಬೈಂಡಿಂಗ್ ದತ್ತೂ ಪಾಸಲಕರ ಹೋಗಿಬಂದು ಹೇಳಿದ:
ದೇವರನ್ನು ನೋಡಿದ್ದು ಅರೆಗಳಿಗೆ,
ಹೇಸರಗತ್ತೆಯ ಬಾಲ ನೋಡಿದ್ದು ಮೂರು ತಾಸು.

ಶ್ರಾವಣ ಶಿವನದೇ ತಿಂಗಳು, ಸರಿ.
ಇಲ್ಲಿ ಖಡಕವಾಸಲಾದ ನೀರು ಬಿಟ್ಟರೆ
ಭಿಡೆ ಸೇತುವೆ ಮುಳುಗಿತೆಂದು
ಮೂರು ಪೇಟೆ ಸುತ್ತುವವರು ನಾವು;
ಅಲ್ಲಿ ಗುಡ್ಡವೇ ಎದ್ದು ಬಂದು
ರಸ್ತೆಯ ಮೇಲೆ ಕೂಡುತ್ತದಂತೆ.

ಪುಷ್ಯದಲ್ಲಿ ಬರೀ ಹಿಮ, ಬೀಗ.
ದೇವರೇ ಪಲ್ಲಕ್ಕಿ ಹತ್ತಿ
ಕೆಳಗಿನ ಹಳ್ಳಿಗೆ ಇಳಿದಿರುತ್ತಾನೆ.
"ಶಾಣ್ಯಾ ಇದ್ದಾನ," ಅಂದಳು.

ಉಳಿದದ್ದು ಅಕ್ಟೋಬರ್.
ಮಳೆ ಒರೆಸಿಟ್ಟ ಆಕಾಶ, ಒಣಗಿದ ದಾರಿ, ಜನ ವಿರಳ;
ಹೋಗಿಬಂದವರೆಲ್ಲ ಅದನ್ನೇ ಹೇಳುತ್ತಾರೆ.
ಅದೇ ತಿಂಗಳು ನಮ್ಮ ನಾಲ್ಕು ಬಣ್ಣದ ಯಂತ್ರ
ದಿನಕ್ಕೆ ಇಪ್ಪತ್ತು ತಾಸು ಉಣ್ಣುತ್ತದೆ ಕಾಗದ.
ರಜೆ ಕೇಳಿದೆ. ಮಾಲಕ ಆಪಟೆ ಕನ್ನಡಕ ತೆಗೆದು ನಕ್ಕರು:
"ಮದುಮಗನೇ ಮುಹೂರ್ತಕ್ಕೆ ರಜೆ ಕೇಳಿದಂತಾಯ್ತು."

ಅವಳು ಮಾತ್ರ ಕೇಳುವುದು ಬಿಟ್ಟಳು,
ಹತ್ತುವುದಕ್ಕೆ ಶುರು ಮಾಡಿದಳು.
ನಸುಕಿನಲ್ಲಿ ಪರ್ವತಿಯ ನೂರಾಮೂರು ಮೆಟ್ಟಿಲು,
ಕೆಳಮನೆ ಹುಡುಗಿಯ ಹಳೆಯ ಕ್ಯಾನ್ವಾಸ್ ಬೂಟು,
ಬೆನ್ನಿಗೆ ಎರಡು ಕಿಲೋ ಜೋಳದ ಚೀಲ.
ಮೊದಲು ನಲವತ್ತಕ್ಕೇ ಕೂತು ಬೆವರೊರೆಸುತ್ತಿದ್ದವಳು
ಈಗ ಎರಡು ಸಲ ಹತ್ತಿ ಇಳಿಯುತ್ತಾಳೆ.
ನಾನು ಅರವತ್ತನೆಯದರಲ್ಲಿ ನಿಂತು
ನನ್ನ ಉಸಿರಿನ ಕರಡು ತಿದ್ದುತ್ತಿರುತ್ತೇನೆ.

"ಪಂಚಾಂಗ ನೋಡೇ ಮದುವಿ ಮಾಡಿದ್ರು.
ಹಂದರ ಹಾರಿಹೋಗೋ ಮಳಿ ಬರಲಿಲ್ಲೇನು?"
ಮೇಲಿಂದ ಕೂಗಿದಳು.
"ಮೊಣಕಾಲಿಗೆ ಅಧಿಕ ಮಾಸ ಇರೂದಿಲ್ರಿ."

ನಿನ್ನೆ ಬಂತು ಮೂರನೇ ಕರಡು, ಕೊನೆಯದು.
ಅಕ್ಟೋಬರ್ ಹಾಳೆ, ಹದಿನಾಲ್ಕರ ಪಕ್ಕ
ಒಂದು ಚುಕ್ಕೆ.
ಪ್ಲೇಟಿನ ಮೇಲೆ ಕೂತ ಧೂಳಿರಬೇಕು,
ಸಾಸಿವೆಯ ಅರ್ಧ.
ಇಂಥವನ್ನು ಸುತ್ತು ಹಾಕಿ ತೆಗೆಸುವುದಕ್ಕೇ
ನನಗೆ ಸಂಬಳ.

ಪೆನ್ನು ಅದರ ಮೇಲೆ ನಿಂತಿತು.
ಬಾಗಿಲಲ್ಲಿ ದತ್ತೂ ಕಾಯುತ್ತಿದ್ದ.
ನಾನು ಕೆಳಗೆ "ಸರಿ" ಎಂದು ಬರೆದು
ಸಹಿ ಮಾಡಿ ಕೊಟ್ಟೆ.

ನಲವತ್ತು ಸಾವಿರ ಗೋಡೆ.
ಗದುಗಿನ ಅಡುಗೆಮನೆ, ಮುಧೋಳದ ದವಾಖಾನೆ,
ಅಥಣಿಯ ಗೊಬ್ಬರದ ಅಂಗಡಿ.
ನೊಣದ ಗುರುತೆಂದು ಯಾರೋ ಉಗುರಿನಿಂದ ಕೆರೆಯುತ್ತಾರೆ.
ಹೋಗುವುದಿಲ್ಲ.
ಆಪಟೆಯವರ ಮೇಜಿನ ಹಿಂದೂ ತೂಗುತ್ತದೆ
ಪುಟ್ಟದೊಂದು ರಜೆಚೀಟಿ.

ಕೆಳಗೆ ಯಂತ್ರ ಹೊರಳಿದ ಸದ್ದು ಕೇಳಿ
ಕೊಡೆ ಬಿಚ್ಚಿ ತುಳಶಿಬಾಗಿಗೆ ನಡೆದೆ.
ಉಣ್ಣೆಯ ಕಾಲುಚೀಲ ಎರಡು ಜೊತೆ, ಅಂದೆ.
ಪ್ಲಾಸ್ಟಿಕ್ ಹಾಳೆಯಿಂದ ಸುರಿಯುವ ನೀರು ಒದರುತ್ತ
ಅಂಗಡಿಯವನು ನನ್ನ ಮುಖ ನೋಡಿದ:
"ಈಗೆಲ್ಲಿಯ ಸೀಜನ್, ಕಾಕಾ?"